ಹಂಗಿನ ಆಟ

2008ರಲ್ಲಿ ಡಿಮಿಟ್ರಿ ವಿಲಿಯಮ್ಸ್, ನಿಕ್ ಯೀ ಮತ್ತು ಸ್ಕಾಟ್ ಕ್ಯಾಪ್ಲನ್ ಎಂಬ ಮೂವರು ಅಮೆರಿಕದ ಸಂಶೋಧಕರು ಒಂದು ಲೇಖನ ಪ್ರಕಟಿಸಿದರು. ‘ಎವರ್‌ಕ್ವೆಸ್ಟ್ 2’ ಎಂಬ ಆನ್‌ಲೈನ್ ಆಟವನ್ನು ಆಡುವವರು ಯಾರು, ಎಷ್ಟು ಹೊತ್ತು ಆಡುತ್ತಾರೆ, ಯಾಕೆ ಆಡುತ್ತಾರೆ ಎನ್ನುವುದು ಅದರ ವಿಷಯ. ಅಲ್ಲಿಯವರೆಗೆ ಇಂಥ ಅಧ್ಯಯನಗಳು ಹೆಚ್ಚಾಗಿ ಆಟಗಾರರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ನಂಬಿ ನಡೆಯಬೇಕಿತ್ತು. ಈ ಸಲ ಆಟದ ಒಡೆಯರಾದ ಸೋನಿ ಕಂಪನಿಯೇ ತನ್ನ ಸರ್ವರುಗಳ ದಾಖಲೆಯನ್ನು ತೆರೆದಿಟ್ಟಿತ್ತು. ಸುಮಾರು 7,000 ಆಟಗಾರರು ಪ್ರಶ್ನಾವಳಿಗೆ ಉತ್ತರ ಕೊಟ್ಟರು. ಅದಕ್ಕೆ ಸಿಕ್ಕ ಸಂಭಾವನೆ ಆಟದೊಳಗಷ್ಟೇ ಬೆಲೆಯಿರುವ ಒಂದು ಮಾಂತ್ರಿಕ ದಂಡ. ಲೆಕ್ಕ ಹಾಕಿ ನೋಡಿದರೆ ಆಟಗಾರರ ಸರಾಸರಿ ವಯಸ್ಸು 31. ಇಪ್ಪತ್ತರ ಹರೆಯದವರಿಗಿಂತ ಮೂವತ್ತು ದಾಟಿದವರೇ ಹೆಚ್ಚು. ಆಡುತ್ತಿದ್ದುದು ವಾರಕ್ಕೆ ಸರಾಸರಿ 26 ಗಂಟೆ, ಅಂದರೆ ಅರ್ಧ ನೌಕರಿಗೂ ಮಿಕ್ಕ ಹೊತ್ತು. ವಯಸ್ಸು ಹೆಚ್ಚಿದಂತೆ ಆಡುವ ಹೊತ್ತು ಕಡಿಮೆಯಾಗುತ್ತದೆ ಎಂದುಕೊಂಡಿದ್ದವರಿಗೆ ಅಲ್ಲಿ ಸಿಕ್ಕಿದ್ದು ಉಲ್ಟಾ ಉತ್ತರ.

ನಾನು ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ಜನ ತಮ್ಮ ಬಿಡುವಿನ ಹೊತ್ತನ್ನು ಹೇಗೆ ಕಳೆದರು ಎನ್ನುವುದು ನನ್ನ ಪಿಎಚ್‌ಡಿ ವಿಷಯ. ಊರ ಕ್ಲಬ್ಬುಗಳು, ವಾಚನಾಲಯಗಳು, ಇಸ್ಪೀಟಿನ ಮೇಜುಗಳು ಇವುಗಳ ಸುತ್ತಲೇ ನನ್ನ ಓದು. ಅದರ ನಡುವೆ ಈ ಲೇಖನ ಕೈಗೆ ಸಿಕ್ಕಾಗ ಬಿಡಲಾಗಲಿಲ್ಲ. ಮದುವೆಯಾದ, ಸಂಬಳ ತರುವ, ಮಕ್ಕಳ ಫೀಸು ಕಟ್ಟುವ ಜನ, ‘ಒಂದು ಅರ್ಧ ಗಂಟೆ ಆಡಿ ಮಲಗೋಣ’ ಎಂದು ಕೂತವರು, ವಾರಕ್ಕೆ 26 ಗಂಟೆಗೆ ಹೇಗೆ ತಲುಪಿದರು? ಇದಕ್ಕೆ ಸಿದ್ಧವಾಗಿರುವ ಉತ್ತರ ‘ಚಟ’ ಎಂಬ ಎರಡಕ್ಷರ. ಇತಿಹಾಸ ಓದುವವರಿಗೆ ಈ ಉತ್ತರ ಸಾಲದು. ಚಟಕ್ಕೂ ಒಂದು ಹುಟ್ಟು ಇರುತ್ತದೆ, ಅದನ್ನು ಕಟ್ಟಿದ ಕೈಗಳಿರುತ್ತವೆ, ಅದಕ್ಕೊಂದು ದರಪಟ್ಟಿಯೂ ಇರುತ್ತದೆ.

ದರಪಟ್ಟಿಯಿಂದಲೇ ಶುರುಮಾಡುತ್ತೇನೆ.

ಈ ಬಗೆಯ ಆಟಗಳ ಮೂಲಪುರುಷ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿದೆ. 1978ರಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ಬರೆಯಲು ತೊಡಗಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಆಟ ಅದು. ಚಿತ್ರ ಇಲ್ಲ, ಸದ್ದು ಇಲ್ಲ, ಬರಿಯ ಅಕ್ಷರ. ‘ನೀನು ಒಂದು ಇಕ್ಕಟ್ಟಾದ ದಾರಿಯಲ್ಲಿ ನಿಂತಿದ್ದೀಯ’ ಎಂಬಂಥ ವಾಕ್ಯ ಪರದೆಯ ಮೇಲೆ ಮೂಡುತ್ತದೆ, ಆಡುವವರು ‘ಉತ್ತರಕ್ಕೆ ಹೋಗು’ ಎಂದು ಟೈಪಿಸುತ್ತಾರೆ. ಹೊಸದಾಗಿದ್ದುದು ಒಂದೇ: ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಬೇರೊಬ್ಬ ಮನುಷ್ಯನೂ ನಿಂತಿರಬಹುದಿತ್ತು. ಹೊರಗಿನವರು ದೂರವಾಣಿ ಮೂಲಕ ಬಂದು ಆಡಬಹುದು ಎಂದಾದಾಗ ಅವರಿಗೆ ಸಿಕ್ಕಿದ್ದು ರಾತ್ರಿಯ ಹೊತ್ತು. ಹಗಲು ಕಂಪ್ಯೂಟರಿಗೆ ಬೇರೆ ಕೆಲಸವಿತ್ತು. ನಿದ್ದೆಗೆಟ್ಟು ಆಡುವವರ ಪರಂಪರೆ ಹೀಗೆ ಆಟದ ಹುಟ್ಟಿನ ಜೊತೆಯಲ್ಲೇ ಬಂದಿದೆ.

ಅಮೆರಿಕದಲ್ಲಿ ಇದು ವ್ಯಾಪಾರವಾಯಿತು. 1985ರಲ್ಲಿ ಕಾಂಪ್ಯುಸರ್ವ್ ಜಾಲದ ಮೇಲೆ ಬಂದ ‘ಐಲ್ಯಾಂಡ್ ಆಫ್ ಕೆಸ್ಮಾಯ್’ ಆಟಕ್ಕೆ ಗಂಟೆಯ ಲೆಕ್ಕದಲ್ಲಿ ದುಡ್ಡು: ನಿಧಾನದ ಲೈನಿಗೆ ಗಂಟೆಗೆ 6 ಡಾಲರ್, ವೇಗದ ಲೈನಿಗೆ 12. ಹತ್ತು ಗಂಟೆ ಆಡಿದರೆ 120 ಡಾಲರ್. ಗಡಿಯಾರವೇ ಬೇಲಿ. ಅಷ್ಟು ಖರ್ಚು ಮಾಡಿ ಹಾಳಾದವರು ಇದ್ದರು, ಆದರೆ ಸಾಧಾರಣ ಸಂಬಳದವನನ್ನು ತಿಂಗಳ ಬಿಲ್ಲೇ ಎಬ್ಬಿಸಿ ಮನೆಗೆ ಕಳಿಸುತ್ತಿತ್ತು. 1996ರ ಡಿಸೆಂಬರಿನಲ್ಲಿ ಅಮೆರಿಕ ಆನ್‌ಲೈನ್ ಕಂಪನಿ ಗಂಟೆಯ ಲೆಕ್ಕ ಬಿಟ್ಟು ತಿಂಗಳಿಗೆ 19.95 ಡಾಲರ್ ಎಂದು ಒಂದೇ ದರ ಮಾಡಿತು. ಅಂತರ್ಜಾಲ ಸಂಪರ್ಕಕ್ಕೆ ಸಂಬಂಧಿಸಿದ ಈ ಸಣ್ಣ ಬದಲಾವಣೆಯನ್ನು ಆಟಗಳ ಇತಿಹಾಸ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಕಾಣುವಂತೆ ಬೇಲಿ ಬಿದ್ದದ್ದು ಅಲ್ಲಿಯೇ. ಮರುವರ್ಷ, 1997ರ ಸೆಪ್ಟೆಂಬರಿನಲ್ಲಿ, ‘ಅಲ್ಟಿಮಾ ಆನ್‌ಲೈನ್’ ಬಂತು. ತಿಂಗಳಿಗೆ 9.95 ಡಾಲರ್, ಎಷ್ಟು ಹೊತ್ತಾದರೂ ಆಡಿ. ಚಂದಾದಾರರು ಬೇಗನೆ ಲಕ್ಷ ದಾಟಿದರು.

ಇಲ್ಲಿ ವ್ಯಾಪಾರದ ತರ್ಕವೊಂದು ತಲೆಕೆಳಗಾಯಿತು. ಗಂಟೆಯ ಲೆಕ್ಕದಲ್ಲಿ ಕಂಪನಿಗೆ ಬೇಕಾದದ್ದು ನೀವು ಹೆಚ್ಚು ಹೊತ್ತು ಕೂರುವುದು. ತಿಂಗಳ ಬಾಡಿಗೆಯಲ್ಲಿ ನೀವು ಹೆಚ್ಚು ಹೊತ್ತು ಕೂತರೆ ಕಂಪನಿಗೆ ಸರ್ವರಿನ ಖರ್ಚು, ಅಷ್ಟೇ. ಅದಕ್ಕೆ ಬೇಕಾದದ್ದು ನೀವು ಮನೆ ಖಾಲಿ ಮಾಡದೆ ಇರುವುದು. ಬಾಡಿಗೆದಾರ ಊರು ಬಿಡದಂತೆ ಮಾಡಬೇಕಾದರೆ ಅಲ್ಲಿ ಅವನಿಗೆ ನಾಲ್ಕು ಜನ ಬೇಕು. ಹಾಲಿನವನು, ಪಕ್ಕದ ಮನೆಯವರು, ಸಂಜೆ ಕಟ್ಟೆಯ ಮೇಲೆ ಸಿಗುವವರು. ಮನುಷ್ಯರನ್ನು ಆಟ ಹಿಡಿದಿಡುವುದಕ್ಕಿಂತ ಮನುಷ್ಯರನ್ನು ಮನುಷ್ಯರೇ ಹಿಡಿದಿಡುವುದು ಅಗ್ಗ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟ ಆಟ 1999ರ ಮಾರ್ಚಿನಲ್ಲಿ ಬಂದ ‘ಎವರ್‌ಕ್ವೆಸ್ಟ್’. ಸ್ಯಾನ್ ಡಿಯೇಗೋದಲ್ಲಿ ಬ್ರ್ಯಾಡ್ ಮೆಕ್‌ಕ್ವೇಡ್, ಸ್ಟೀವ್ ಕ್ಲೋವರ್ ಮೊದಲಾದವರು ಕಟ್ಟಿದ ನೊರಾತ್ ಎಂಬ ಲೋಕ. ಆಡುವವರು ಯೋಧ, ಮಾಂತ್ರಿಕ, ಪೂಜಾರಿ ಹೀಗೆ ಒಂದು ವೇಷ ಕಟ್ಟಿಕೊಂಡು ಒಳಗೆ ಹೋಗುತ್ತಾರೆ, ಮೃಗಗಳನ್ನು ಕೊಂದು ಅನುಭವ ಗಳಿಸಿ ಲೆವೆಲ್ ಏರುತ್ತಾರೆ. ಇಷ್ಟು ಕೇಳಿದರೆ ಮಕ್ಕಳಾಟ. ಒಳಗಿನ ನಿಯಮಗಳನ್ನು ಓದಿದರೆ ಇದೊಂದು ಕೂಲಿ ಕೆಲಸದ ಕರಾರಿನ ಹಾಗೆ ಕಾಣುತ್ತದೆ. ಆರಂಭದ ಲೆವೆಲ್‌ಗಳು ದಾಟಿದ ಮೇಲೆ ಹೆಚ್ಚಿನವರಿಗೆ ಒಂಟಿಯಾಗಿ ಮುಂದೆ ಹೋಗಲು ಸಾಧ್ಯವೇ ಇರಲಿಲ್ಲ. ಏಟು ತಿನ್ನುವವನೊಬ್ಬ, ಗಾಯ ಮಾಯಿಸುವವಳೊಬ್ಬಳು, ಹೊಡೆಯುವವರು ಮೂರು ನಾಲ್ಕು ಜನ, ಹೀಗೆ ಆರು ಮಂದಿಯ ಗುಂಪು ಕೂಡಬೇಕು. ಸತ್ತರೆ ಗಳಿಸಿದ ಅನುಭವದಲ್ಲಿ ಒಂದಷ್ಟು ಹೋಗುತ್ತದೆ. ಕತ್ತಿ, ಕವಚ, ಹಣ ಎಲ್ಲವೂ ಹೆಣದ ಮೇಲೆ ಉಳಿಯುತ್ತದೆ. ಆಟಗಾರ ಬರಿಗೈಯಲ್ಲಿ, ಬರಿಮೈಯಲ್ಲಿ ಬೇರೆಲ್ಲೋ ಎದ್ದು ತನ್ನದೇ ಹೆಣ ಹುಡುಕಿಕೊಂಡು ಅದೇ ಅಪಾಯದ ಜಾಗಕ್ಕೆ ಮರಳಬೇಕು. ಗಡುವಿನೊಳಗೆ ಹೋಗದಿದ್ದರೆ ಹೆಣ ಕೊಳೆತು ಎಲ್ಲವೂ ಮಾಯ. ರಾತ್ರಿ ಹನ್ನೊಂದಕ್ಕೆ ‘ಇನ್ನು ಮಲಗೋಣ’ ಎನ್ನುವಾಗ ಹೀಗಾದರೆ ಯಾರಾದರೂ ಮಲಗುತ್ತಾರೆಯೇ? ಯಾರನ್ನಾದರೂ ಕರೆಯಬೇಕು. ಕರೆದರೆ ಬರುತ್ತಿದ್ದರು, ತಾಸುಗಟ್ಟಲೆ ಜೊತೆಗಿದ್ದು ಹೆಣ ಎಳೆದುಕೊಡುತ್ತಿದ್ದರು. ಆ ಋಣ ತೀರಿಸಲು ಮರುದಿನ ನೀವೂ ಇರಬೇಕಾಗುತ್ತಿತ್ತು.

ಇನ್ನೊಂದು ವಿವರ ನನಗೆ ಬಹಳ ಇಷ್ಟ. ಮಂತ್ರ ಪ್ರಯೋಗಿಸುವವರು ಶಕ್ತಿ ಮುಗಿದಾಗ ಕೂತು ಧ್ಯಾನ ಮಾಡಬೇಕಿತ್ತು. ಮೊದಮೊದಲ ವರ್ಷಗಳಲ್ಲಿ, 35ನೇ ಲೆವೆಲ್ ಮುಟ್ಟುವವರೆಗೂ, ಧ್ಯಾನದ ಹೊತ್ತಿನಲ್ಲಿ ಮಂತ್ರದ ಪುಸ್ತಕವೇ ಪರದೆಯನ್ನು ಮುಚ್ಚಿಬಿಡುತ್ತಿತ್ತು. ಸುತ್ತ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಕಾಣುವುದು ಕೆಳಗಿನ ಮಾತುಕತೆಯ ಪೆಟ್ಟಿಗೆ ಮಾತ್ರ. ನಿಮಿಷಗಟ್ಟಲೆ ಸುಮ್ಮನೆ ಕೂರುವುದು, ಹಡಗಿಗೆ ಕಾಯುವುದು, ಒಂದು ಮೃಗ ಮತ್ತೆ ಹುಟ್ಟಲಿ ಎಂದು ಗಂಟೆಗಟ್ಟಲೆ ಒಂದೇ ಮೂಲೆಯಲ್ಲಿ ಕಾಯುವುದು. ಈ ಖಾಲಿ ಹೊತ್ತಿನಲ್ಲಿ ಜನ ಮಾತಾಡಿದರು. ಮಗನ ಜ್ವರ, ಹೆಂಡತಿಯ ಜೊತೆಗಿನ ಜಗಳ, ಹೋಗುತ್ತಿರುವ ನೌಕರಿ. ಕೆರೆ ಏರಿಯ ಮೇಲೆ ಬಟ್ಟೆ ಒಗೆಯುವ ಹೊತ್ತಿನಲ್ಲಿ ಆಡುವ ಮಾತುಗಳಿಗೂ ಇವಕ್ಕೂ ವ್ಯತ್ಯಾಸವಿಲ್ಲ. ಕೆಲಸ ಬೇಸರದ್ದಾದಷ್ಟೂ ಮಾತು ರುಚಿಯಾಗುತ್ತದೆ.

ಜನ ಇದಕ್ಕೆ ‘ಎವರ್‌ಕ್ರ್ಯಾಕ್’ ಎಂದು ಅಡ್ಡಹೆಸರಿಟ್ಟರು. ಕ್ರ್ಯಾಕ್ ಎಂದರೆ ಕೊಕೇನಿನ ಒಂದು ರೂಪ. ಆಟಗಾರರ ಹೆಂಡಂದಿರು ‘ಎವರ್‌ಕ್ವೆಸ್ಟ್ ವಿಧವೆಯರು’ ಎಂಬ ಹೆಸರಿನಲ್ಲಿ ತಮ್ಮ ಕಷ್ಟ ಹೇಳಿಕೊಳ್ಳುವ ಗುಂಪನ್ನೇ ಮಾಡಿಕೊಂಡಿದ್ದರು. ನಿಕ್ ಯೀ ಆ ವರ್ಷಗಳಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಸುಮಾರು 30,000 ಮಂದಿ ಇಂಥ ಆಟಗಳ ಆಟಗಾರರು ಪಾಲ್ಗೊಂಡರು. ಅವರಲ್ಲಿ ಅರ್ಧದಷ್ಟು ಜನ ಪೂರ್ಣಾವಧಿ ನೌಕರರು, ನೂರಕ್ಕೆ 36 ಮಂದಿ ವಿವಾಹಿತರು, 22 ಮಂದಿಗೆ ಮಕ್ಕಳಿದ್ದರು. ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಜನ ತಮ್ಮ ಸಂಗಾತಿಯ ಜೊತೆಗೇ ಆಡುತ್ತಿದ್ದರು. ‘ವಿಧವೆಯರು’ ಎಂಬ ಒಂದೇ ಚಿತ್ರ ಇದನ್ನು ಮರೆಸಿಬಿಡುತ್ತದೆ.

2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರನೋವಾ ಎಂಬ ಅರ್ಥಶಾಸ್ತ್ರಜ್ಞ, ನೊರಾತ್‌ನ ಹಣ ಮತ್ತು ವಸ್ತುಗಳು ಹೊರಗಿನ ಹರಾಜಿನಲ್ಲಿ ಡಾಲರಿಗೆ ಮಾರಾಟವಾಗುತ್ತಿದ್ದುದನ್ನು ಹಿಡಿದು ಒಂದು ಲೆಕ್ಕ ಮಾಡಿದರು. ಆ ಲೋಕದಲ್ಲಿ ದುಡಿಯುವವನ ಗಂಟೆಯ ಕೂಲಿ 3.42 ಡಾಲರ್. ತಲಾ ಉತ್ಪನ್ನದಲ್ಲಿ ನೊರಾತ್ ರಷ್ಯಾಕ್ಕೂ ಬಲ್ಗೇರಿಯಕ್ಕೂ ನಡುವೆ ಬರುತ್ತಿತ್ತು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಲೇಖನದಲ್ಲಿ ಇನ್ನೊಂದು ಸಂಗತಿ ಇದೆ: ತಾನು ವಾಸವಾಗಿರುವುದು ನೊರಾತ್‌ನಲ್ಲಿ, ಆಗಾಗ ಹೊರಗೆ ಹೋಗಿಬರುತ್ತೇನೆ ಎಂಬ ಹೇಳಿಕೆಯನ್ನು ಐದರಲ್ಲಿ ಒಬ್ಬರಷ್ಟು ಜನ ಒಪ್ಪಿಕೊಂಡಿದ್ದರು. ಕೂಲಿಯ ಅಂಕಿಗಿಂತ ಇದು ನನ್ನನ್ನು ಹೆಚ್ಚು ಕಾಡಿತು. ಊರು ಬಿಟ್ಟು ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದವರೂ ‘ನಿಮ್ಮದು ಯಾವ ಊರು’ ಎಂದರೆ ಬೇರೆಯದೇ ಹೆಸರು ಹೇಳುತ್ತಾರಲ್ಲ, ಆ ಥರದ ಉತ್ತರ ಇದು.

ಇದೇ ಆಟದಲ್ಲಿ 1999ರಲ್ಲಿ ‘ಆಫ್ಟರ್‌ಲೈಫ್’ ಎಂಬ ಗಿಲ್ಡ್, ಅಂದರೆ ಆಟಗಾರರ ಸಂಘ, ಒಂದು ಲೆಕ್ಕಪದ್ಧತಿ ಹುಟ್ಟುಹಾಕಿತು. ದೊಡ್ಡ ಡ್ರ್ಯಾಗನ್ನುಗಳನ್ನು ಕೊಲ್ಲಲು ಹತ್ತಾರು ಜನ ಸೇರಬೇಕು. ಕೊಂದ ಮೇಲೆ ಸಿಗುವ ಕತ್ತಿಯೋ ಕಿರೀಟವೋ ಒಂದೆರಡು ಮಾತ್ರ. ಯಾರಿಗೆ ಕೊಡುವುದು? ಬಂದವರಿಗೆಲ್ಲ ಪ್ರತಿ ಸಲವೂ ಅಂಕ ಕೊಡುವುದು, ವಸ್ತು ಬೇಕಾದವರು ಆ ಅಂಕಗಳನ್ನು ಖರ್ಚು ಮಾಡುವುದು. ಡ್ರ್ಯಾಗನ್ ಕೊಂದ ಅಂಕಗಳು ಎಂಬರ್ಥದ ಹೆಸರಿನ ಮೊದಲಕ್ಷರಗಳಿಂದ ಇದು ‘ಡಿಕೆಪಿ’ ಎಂದು ಹೆಸರಾಯಿತು. ಮುಂದೆ ಕೆಲವು ಗಿಲ್ಡ್‌ಗಳು ಅಂಕಗಳಲ್ಲೇ ಹರಾಜು ಕೂಗತೊಡಗಿದವು. ಚೀಟಿ ನಡೆಸಿ ಗೊತ್ತಿರುವ ನಮ್ಮ ಕಡೆಯ ಯಾವ ಗೃಹಿಣಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಂಗಳು ತಿಂಗಳು ಕಂತು ಕಟ್ಟಿ, ಸರದಿ ಕಾದು, ಕೂಗಿ ಎತ್ತುವುದು; ಎತ್ತಿದ ಮೇಲೆ ಉಳಿದ ಕಂತು ಕಟ್ಟದೆ ನಾಪತ್ತೆಯಾದವನ ಮೇಲೆ ಊರೆಲ್ಲ ಕಿಡಿಕಾರುವುದು. ವಸ್ತು ಸಿಕ್ಕ ವಾರವೇ ಬೇರೆ ಗಿಲ್ಡ್ ಸೇರುವವರ ಬಗ್ಗೆ ನೊರಾತ್‌ನಲ್ಲೂ ಅದೇ ಸಿಟ್ಟು. ಇಲ್ಲಿ ಕಟ್ಟುವ ಕಂತು ದುಡ್ಡಿನದಲ್ಲ, ಹೊತ್ತಿನದು ಎನ್ನುವುದಷ್ಟೇ ಬೇರೆ. ಗಮನಿಸಿ, ಈ ಹಾಜರಿ ಪುಸ್ತಕ ಕಂಪನಿ ಮಾಡಿದ್ದಲ್ಲ. ಆಟಗಾರರು ತಾವೇ ತಮಗೆ ಹಾಕಿಕೊಂಡದ್ದು.

ಎವರ್‌ಕ್ವೆಸ್ಟಿನ ಚಂದಾದಾರರು ಹೆಚ್ಚೆಂದರೆ ನಾಲ್ಕೂವರೆ ಲಕ್ಷದ ಆಸುಪಾಸು. ಬಿಡುವು ಕಡಿಮೆಯಿರುವ ಸಾಧಾರಣ ಜನರಿಗೆ ಅದು ಕಠಿಣವಾಗಿತ್ತು. ಬಾಗಿಲನ್ನು ಅಗಲವಾಗಿ ತೆರೆದದ್ದು 2004ರ ನವೆಂಬರ್ 23ರಂದು ಬಂದ ಬ್ಲಿಝಾರ್ಡ್ ಕಂಪನಿಯ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’. ಮೊದಲ ದಿನವೇ ಎರಡು ಲಕ್ಷ ನಲವತ್ತು ಸಾವಿರ ಪ್ರತಿಗಳು ಖರ್ಚಾದವು. 2010ರ ಅಕ್ಟೋಬರಿನಲ್ಲಿ ಚಂದಾದಾರರ ಸಂಖ್ಯೆ ಒಂದು ಕೋಟಿ ಇಪ್ಪತ್ತು ಲಕ್ಷ. ಇಲ್ಲಿ ಸತ್ತರೆ ಗಳಿಸಿದ ಅನುಭವವನ್ನಾಗಲಿ ವಸ್ತುಗಳನ್ನಾಗಲಿ ಕಳೆದುಕೊಳ್ಳುವುದಿಲ್ಲ, ದೆವ್ವವಾಗಿ ಒಂದಷ್ಟು ದೂರ ಓಡಿ ಹೆಣದೊಳಗೆ ಮರಳಿ ಸೇರಿದರಾಯಿತು. ಆಗ ಕೊನೆಯ ಲೆವೆಲ್ ಆಗಿದ್ದ 60ರವರೆಗೂ ಒಂಟಿಯಾಗಿ ಹೋಗಬಹುದಿತ್ತು. ಮುಂದೇನು ಎಂದು ಹುಡುಕಬೇಕಿಲ್ಲ, ತಲೆಯ ಮೇಲೆ ಹಳದಿ ಆಶ್ಚರ್ಯಸೂಚಕ ಚಿಹ್ನೆ ಹೊತ್ತ ಯಾರೋ ಒಬ್ಬರು ರಸ್ತೆ ಬದಿಯಲ್ಲಿ ನಿಂತು ಚಿಕ್ಕದೊಂದು ಕೆಲಸ ಕೊಡುತ್ತಾರೆ. ಊಟಕ್ಕೂ ಮಲಗುವುದಕ್ಕೂ ನಡುವಿನ ಮುಕ್ಕಾಲು ಗಂಟೆಗೆ ಹೇಳಿ ಮಾಡಿಸಿದ ಆಟ.

ಆಟವನ್ನು ಸಿದ್ಧಪಡಿಸುವಾಗಿನ ಒಂದು ಪ್ರಸಂಗವನ್ನು ಬ್ಲಿಝಾರ್ಡಿನವರೇ ಆಮೇಲೆ ಹೇಳಿಕೊಂಡಿದ್ದಾರೆ. ಜನ ವಿಪರೀತ ಆಡಬಾರದು ಎಂದು ಅವರು ಪರೀಕ್ಷೆಯ ಹಂತದಲ್ಲಿ ಒಂದು ನಿಯಮ ಇಟ್ಟಿದ್ದರು: ಒಂದಷ್ಟು ಹೊತ್ತು ಆಡಿದ ಮೇಲೆ ಪಾತ್ರ ದಣಿಯುತ್ತದೆ, ಗಳಿಸುವ ಅನುಭವ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆಗೆ ಬಂದ ಆಟಗಾರರು ರೊಚ್ಚಿಗೆದ್ದರು. ಆಗ ಕಂಪನಿ ಮಾಡಿದ್ದು ಇಷ್ಟೇ: ಅಂಕಿಗಳ ಹೆಸರು ಬದಲಿಸಿತು. ಮೊದಲು ನೂರು ಎಂದಿದ್ದದ್ದನ್ನು ಇನ್ನೂರು ಎಂದು ಕರೆದು ‘ವಿಶ್ರಾಂತಿಯ ಬಹುಮಾನ’ ಎಂದಿತು. ಐವತ್ತು ಎಂದಿದ್ದದ್ದನ್ನು ನೂರು ಎಂದು ಕರೆದು ‘ಮಾಮೂಲು’ ಎಂದಿತು. ಲೆಕ್ಕ ಅದೇ, ವೇಗ ಅದೇ. ಜನ ಸಂತೋಷಪಟ್ಟರು. ಪಾತ್ರವನ್ನು ಛತ್ರದಲ್ಲಿ ಮಲಗಿಸಿ ಎಂಟು ಗಂಟೆ ಹೊರಗಿದ್ದರೆ ಮರಳುವಾಗ ಬಹುಮಾನ ಕೂಡಿರುತ್ತದೆ. ಮಿತವಾಗಿ ಆಡುವಂತೆ ಮಾಡಲು ಹುಟ್ಟಿದ ನಿಯಮ ‘ನಾಳೆ ಬಾ, ನಿನಗೊಂದು ಇಟ್ಟಿದ್ದೇನೆ’ ಎನ್ನುವ ಕರೆಯಾಯಿತು. ಬಿಡುವಿದ್ದಾಗ ಆಡುವ ದೊಡ್ಡವರನ್ನು ದಿನಾ ಬರುವವರನ್ನಾಗಿ ಮಾಡಿದ್ದರಲ್ಲಿ ಈ ಹೆಸರು ಬದಲಾವಣೆಯ ಪಾಲು ದೊಡ್ಡದು ಎಂದು ನನ್ನ ಗುಮಾನಿ. ಇದರಲ್ಲಿ ದುರುದ್ದೇಶ ಹುಡುಕಿದರೆ ಸಿಗುವುದಿಲ್ಲ, ಅದೇ ಇದರ ಸ್ವಾರಸ್ಯ.

60ನೇ ಲೆವೆಲ್ ಮುಟ್ಟಿದ ಮೇಲೆ ಇನ್ನೊಂದು ಆಟ ಶುರುವಾಗುತ್ತಿತ್ತು. ‘ಮೋಲ್ಟನ್ ಕೋರ್’ ಎಂಬ ಬೆಂಕಿಯ ಗುಹೆಗೆ 40 ಮಂದಿ ಒಟ್ಟಿಗೆ ಹೋಗಬೇಕು. ಅಂಥ ದಂಡಯಾತ್ರೆಗೆ ‘ರೇಡ್’ ಎಂದು ಹೆಸರು. ಒಮ್ಮೆ ಗೆದ್ದರೆ ಮತ್ತೆ ಆ ಗುಹೆ ತೆರೆಯುವುದು ಮುಂದಿನ ವಾರ. ಅಮೆರಿಕದ ಸರ್ವರುಗಳಲ್ಲಿ ಮಂಗಳವಾರ. ಒಂಟಿಯಾಗಿ, ತನ್ನ ಪಾಡಿಗೆ, ಯಾರ ಹಂಗೂ ಇಲ್ಲದೆ ಬಂದವನ ಮುಂದೆ ಈಗ ವೇಳಾಪಟ್ಟಿ, ಹಾಜರಿ, ಪಾತ್ರ ಹಂಚಿಕೆ, ಹೆಡ್‌ಫೋನಿನಲ್ಲಿ ಆಜ್ಞೆ ಕೊಡುವ ನಾಯಕ, ಅದೇ ಹಳೆಯ ಡಿಕೆಪಿ. ಮೊದಲ ಅಂಗಳ ಅಷ್ಟು ವಿಶಾಲವಾಗಿದ್ದುದರಿಂದಲೇ ಒಳಮನೆಯ ಬಾಗಿಲು ದಾಟಿದ್ದು ಬಹಳ ಜನರಿಗೆ ಗೊತ್ತಾಗಲಿಲ್ಲ.

ನನ್ನ ಅಕ್ಕನ ಗಂಡ ಆಗ ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದರು. ಆಫೀಸಿನ ಗೆಳೆಯನೊಬ್ಬ ಹೇಳಿದನೆಂದು 2005ರ ಚಳಿಗಾಲದಲ್ಲಿ ಕೂತವರು, ಎರಡು ವರ್ಷ ಮಂಗಳವಾರ, ಗುರುವಾರ, ಭಾನುವಾರ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಗಾಯ ಮಾಯಿಸುವ ಪೂಜಾರಿಯಾಗಿ ದುಡಿದರು. ‘ಶನಿವಾರದ ಒಪ್ಪತ್ತು ಬಿಟ್ಟರೂ ಮಂಗಳವಾರದ್ದು ಬಿಡಲಿಲ್ಲ ನಿಮ್ಮ ಭಾವ’ ಎಂದು ಅಕ್ಕ ಈಗ ನಗುತ್ತಾಳೆ, ಆಗ ನಗುತ್ತಿರಲಿಲ್ಲ. ಈ ಲೇಖನಕ್ಕಾಗಿ ಫೋನಿನಲ್ಲಿ ಕೇಳಿದೆ, ‘ಭಾವ, ಬಿಡಬೇಕು ಅನ್ನಿಸಲಿಲ್ವಾ ನಿಮಗೆ?’

‘ದಿನಾ ಅನ್ನಿಸೋದು ಕಣಮ್ಮ. ಆಟ ಬೇಜಾರಾಗಿ ಆರು ತಿಂಗಳಾಗಿತ್ತು. ಆದರೆ ನಾನು ಹೋಗ್ದಿದ್ರೆ ಉಳಿದ ಮೂವತ್ತೊಂಬತ್ತು ಜನ ಆವತ್ತು ಸುಮ್ನೆ ಕೂರಬೇಕು. ಏನಂತ ಹೇಳೋದು ಅವರಿಗೆ?’

ಆಟ ಬೇಜಾರಾಗಿತ್ತು, ಆದರೂ ಹೋದರು. ಇದಕ್ಕೆ ‘ಗೀಳು’ ಎಂಬ ಮಾತು ಹೊಂದುವುದಿಲ್ಲ. ಗೀಳಿನಲ್ಲಿ ಬಯಕೆ ಇರಬೇಕು. ನಮ್ಮಲ್ಲಿ ಇಸ್ಪೀಟಿನ ಮನೆಗಳಿಂದ ಬರುವ ಕರೆ ಹೇಗಿರುತ್ತದೆ ನೆನಪು ಮಾಡಿಕೊಳ್ಳಿ: ‘ಬನ್ನಿ ಆಡೋಣ’ ಎನ್ನುವುದಿಲ್ಲ, ‘ಒಂದು ಕೈ ಕಮ್ಮಿ ಇದೆ’ ಎನ್ನುತ್ತಾರೆ. ಮೊದಲನೆಯದಕ್ಕೆ ಇಲ್ಲ ಎನ್ನಬಹುದು. ಎರಡನೆಯದಕ್ಕೆ ಇಲ್ಲ ಎನ್ನಲು ಗಟ್ಟಿ ಎದೆ ಬೇಕು. ಹದಿನೆಂಟರ ಹುಡುಗನಿಗಿಂತ ಮೂವತ್ತೈದರ ಗೃಹಸ್ಥನಿಗೆ ಇದು ಹೆಚ್ಚು ತಟ್ಟುತ್ತದೆ. ಹೇಳಿದ ಹೊತ್ತಿಗೆ ಹೋಗುವುದು, ಒಪ್ಪಿಕೊಂಡ ಕೆಲಸ ಬಿಡದಿರುವುದು, ತನ್ನಿಂದ ನಾಲ್ಕು ಜನಕ್ಕೆ ತೊಂದರೆಯಾಗದಂತೆ ನೋಡಿಕೊಳ್ಳುವುದು, ಇದನ್ನೆಲ್ಲ ಅವನು ಹದಿನೈದು ವರ್ಷ ಆಫೀಸಿನಲ್ಲಿ, ಮನೆಯಲ್ಲಿ ಕಲಿತಿರುತ್ತಾನೆ. ವಯಸ್ಸು ಹೆಚ್ಚಿದಂತೆ ಆಡುವ ಹೊತ್ತು ಹೆಚ್ಚಾದದ್ದಕ್ಕೆ ಹಲವು ಕಾರಣಗಳಿರಬಹುದು. ಜವಾಬ್ದಾರಿಯ ಅಭ್ಯಾಸ ಅವುಗಳಲ್ಲೊಂದು ಎಂದು ನಾನು ವಾದಿಸುತ್ತೇನೆ. ನಿಕ್ ಯೀ 2006ರಲ್ಲಿ ಬರೆದ ಒಂದು ಲೇಖನದಲ್ಲಿ ಈ ಆಟಗಳು ಕೆಲಸ ಮತ್ತು ಆಟದ ನಡುವಿನ ಗೆರೆಯನ್ನೇ ಅಳಿಸುತ್ತಿವೆ ಎಂದು ತೋರಿಸಿದ್ದಾರೆ. ಅದಕ್ಕೆ ನಾನು ಸೇರಿಸುವುದು ಇಷ್ಟು: ಒಳ್ಳೆಯ ನೌಕರನೇ ಇಲ್ಲಿ ಮೊದಲು ಸಿಕ್ಕಿಬೀಳುವವನು.

‘ವ್ಯಸನ’ ಎಂಬ ಪದ ನಮ್ಮಲ್ಲಿದೆ. ಸಪ್ತವ್ಯಸನಗಳ ಪಟ್ಟಿಯಲ್ಲಿ ಜೂಜೂ ಇದೆ, ಬೇಟೆಯೂ ಇದೆ. ಅದೇ ಪದಕ್ಕೆ ದುಃಖ ಎಂಬ ಅರ್ಥವೂ ಇದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಇಂಟರ್ನೆಟ್ ಆಟದ ತೊಂದರೆಯನ್ನು ಇನ್ನೂ ಅಧ್ಯಯನ ಬೇಕಾದ ಸ್ಥಿತಿ ಎಂದು ಗುರುತಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ರೋಗಗಳ ಪಟ್ಟಿಗೆ ಸೇರಿಸಿತು, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಇವೆರಡರ ನಡುವೆಯೇ, 2014ರಲ್ಲಿ, ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಎಂಬ ಕ್ಲಿನಿಕ್ ತೆರೆದಿತ್ತು. ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಂದಾಗುವುದು, ಕೆಡುಕು ಕಣ್ಣಿಗೆ ಕಂಡರೂ ಮುಂದುವರಿಸುವುದು ವಿಶ್ವ ಆರೋಗ್ಯ ಸಂಸ್ಥೆ ಕೊಡುವ ಲಕ್ಷಣಗಳು. ಈ ಲಕ್ಷಣಗಳಿರುವ ಮನೆಗಳಿಗೆ ಇಂಥ ಕ್ಲಿನಿಕ್ಕುಗಳು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೈದ್ಯರ ಮುಂದೆ ಕೂರುವುದು ಒಬ್ಬ ಮನುಷ್ಯ. ಅವನನ್ನು ಕಟ್ಟಿಹಾಕಿದ ಹಗ್ಗದ ಇನ್ನೊಂದು ತುದಿ ಓಹಾಯೋದಲ್ಲೋ ಓಸ್ಲೋದಲ್ಲೋ ಹೆಡ್‌ಫೋನ್ ಹಾಕಿ ಕಾಯುತ್ತಿರುವ ಇನ್ನೊಬ್ಬನ ಕೈಯಲ್ಲಿರುತ್ತದೆ. ‘ಹಂಗು’ ಎಂಬ ಕನ್ನಡ ಪದ ಇಲ್ಲಿ ವ್ಯಸನಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಂಗು ಎಂದ ಕೂಡಲೇ ಕಂಪನಿಗಳು ನಿರಪರಾಧಿಗಳಾಗುವುದಿಲ್ಲ. ನೆರೆಹೊರೆಯವರ ನಡುವಿನ ಋಣವನ್ನು ತಿಂಗಳಿಗೆ 14.99 ಡಾಲರಿನ ಬಾಡಿಗೆಯಾಗಿ ಪರಿವರ್ತಿಸಿದ್ದು ಅವರೇ. 2007ರಲ್ಲಿ ವಾರ್‌ಕ್ರಾಫ್ಟ್‌ಗೆ ದಿನಕ್ಕೊಮ್ಮೆ ಮಾಡುವ ಕೆಲಸಗಳು ಬಂದವು. ಹೊತ್ತಿಲ್ಲದವರಿಗೆ ಅನುಕೂಲ ಎಂದು ಬಂದದ್ದು ದಿನಾ ಬೆಳಿಗ್ಗೆ ಹಾಲು ತರುವಷ್ಟೇ ಕಡ್ಡಾಯವಾಯಿತು. ಇನ್ನು ಹೆಂಗಸರ ವಿಷಯ. ಆ 7,000 ಜನರ ಅಧ್ಯಯನದಲ್ಲಿ ಹೆಂಗಸರು ವಾರಕ್ಕೆ ಸರಾಸರಿ 29 ಗಂಟೆ ಆಡುತ್ತಿದ್ದರು, ಗಂಡಸರು 25. ತಾವು ಹೇಳಿದ ಹೊತ್ತಿಗೂ ಸರ್ವರಿನಲ್ಲಿ ದಾಖಲಾದ ಹೊತ್ತಿಗೂ ಇದ್ದ ಅಂತರ ಗಂಡಸರಲ್ಲಿ ಸುಮಾರು ಒಂದು ಗಂಟೆ, ಹೆಂಗಸರಲ್ಲಿ ಸುಮಾರು ಮೂರು. ಬಿಡುವಿನ ಇತಿಹಾಸ ಬರೆಯುವ ನನಗೆ ಈ ಮೂರು ಗಂಟೆ ಒಂದು ಅಧ್ಯಾಯಕ್ಕೆ ಸಮ. ತನ್ನ ಬಿಡುವನ್ನು ಕಡಿಮೆ ಮಾಡಿ ಹೇಳಬೇಕಾದ ಒತ್ತಡ ಯಾರಿಗೆ ಹೆಚ್ಚು ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದಾಖಲೆ ನನಗೆ ಬೇರೆ ಸಿಕ್ಕಿಲ್ಲ.

2009ರ ಡಿಸೆಂಬರಿನಲ್ಲಿ ವಾರ್‌ಕ್ರಾಫ್ಟ್ ಒಂದು ಗುಂಡಿ ಕೊಟ್ಟಿತು. ಒತ್ತಿದರೆ ಯಂತ್ರವೇ ಬೇರೆ ಬೇರೆ ಸರ್ವರುಗಳಿಂದ ಐದು ಜನರನ್ನು ಕೂಡಿಸಿ ಗುಹೆಗೆ ಕಳಿಸುತ್ತದೆ. ಕರೆಯಬೇಕಿಲ್ಲ, ಕಾಡಬೇಕಿಲ್ಲ, ಮುಗಿದ ಮೇಲೆ ಮುಖ ನೋಡಬೇಕಿಲ್ಲ. ಹೊತ್ತಿಲ್ಲದ ದೊಡ್ಡವರು ಬೇಡಿದ್ದೇ ಇದನ್ನು. ಅದೇ ಜನ ಹತ್ತು ವರ್ಷದ ನಂತರ, 2019ರ ಆಗಸ್ಟಿನಲ್ಲಿ, 2006ರ ರೂಪದ ಹಳೆಯ ವಾರ್‌ಕ್ರಾಫ್ಟನ್ನು ಕಂಪನಿ ಮತ್ತೆ ತೆರೆದಾಗ ಸರ್ವರಿನ ಹೊರಗೆ ಸಾವಿರಗಟ್ಟಲೆ ಸರದಿಯಲ್ಲಿ ನಿಂತರು. ನಲವತ್ತು ಜನ ಬೇಕಾಗುವ ಆ ಬೆಂಕಿಯ ಗುಹೆಗೇ ಮರಳಿದರು. ಭಾವ ಹೋಗಲಿಲ್ಲ. ‘ಈಗ ಮಂಗಳವಾರ ಮಗಳಿಗೆ ಸಂಗೀತದ ಕ್ಲಾಸಿರುತ್ತೆ’ ಎಂದರು, ಅಷ್ಟೇ.

ಈ ಹಂಗುಗಳು ಬಾಡಿಗೆ ನಿಂತ ಮೇಲೂ ಉಳಿಯುತ್ತವೆಯೇ? ಉತ್ತರ ಹುಡುಕಲು ಒಂದು ಒಳ್ಳೆಯ ಪ್ರಕರಣವಿದೆ. 2004ರ ಏಪ್ರಿಲಿನಲ್ಲಿ ಬಂದ ‘ಸಿಟಿ ಆಫ್ ಹೀರೋಸ್’ ಬಿಡುವು ಕಡಿಮೆಯಿರುವ ದೊಡ್ಡವರಿಗೆ ಹಿಡಿಸಿದ ಆಟ. ಅದರಲ್ಲೊಂದು ಸೊಗಸಾದ ಏರ್ಪಾಡಿತ್ತು: ನಿಮ್ಮ ಗೆಳೆಯ ಮೇಲಿನ ಲೆವೆಲ್‌ನಲ್ಲಿದ್ದು ನೀವು ಹಿಂದೆ ಬಿದ್ದಿದ್ದರೆ, ಅವನ ಸಹಾಯಕನಾಗಿ ಸೇರಿ ಹೆಚ್ಚುಕಡಿಮೆ ಅವನಷ್ಟೇ ಬಲದಲ್ಲಿ ಜೊತೆಗೆ ಆಡಬಹುದಿತ್ತು. ವಾರಕ್ಕೊಮ್ಮೆ ಬರುವವಳೂ ದಿನಾ ಬರುವವನೂ ಒಟ್ಟಿಗೆ ಇರಲು ಆಗುತ್ತಿತ್ತು. 2012ರ ಆಗಸ್ಟ್ ಕೊನೆಯಲ್ಲಿ ಒಡೆಯ ಸಂಸ್ಥೆ ಎನ್‌ಸಿಸಾಫ್ಟ್ ಆಟವನ್ನು ಮುಚ್ಚುವುದಾಗಿ ಘೋಷಿಸಿತು. ಸೆಪ್ಟೆಂಬರಿನಲ್ಲಿ ಆಟಗಾರರು ಆಟದೊಳಗಿನ ಅಟ್ಲಾಸ್ ಪಾರ್ಕ್ ಚೌಕದಲ್ಲಿ ಪಂಜು ಹಿಡಿದು ಸೇರಿದರು. ನವೆಂಬರ್ 30ರಂದು ಸರ್ವರು ಆರಿತು.

2019ರಲ್ಲಿ ಒಂದು ಸಂಗತಿ ಹೊರಬಿತ್ತು. ಕೆಲವರು ಆ ಆಟದ ಪ್ರತಿಯೊಂದನ್ನು ವರ್ಷಗಟ್ಟಲೆ ಗುಟ್ಟಾಗಿ ನಡೆಸುತ್ತಾ ಬಂದಿದ್ದರು. ಗೊತ್ತಾದಾಗ ಉಳಿದ ಹಳೆಯ ಆಟಗಾರರು ನಮ್ಮನ್ನು ಯಾಕೆ ಕರೆಯಲಿಲ್ಲ ಎಂದು ಸಿಟ್ಟಾದರು. ಗದ್ದಲದ ನಡುವೆ ಅದರ ಸಂಕೇತ ಸಾರ್ವಜನಿಕವಾಯಿತು, ಸ್ವಯಂಸೇವಕರು ‘ಹೋಮ್‌ಕಮಿಂಗ್’ ಎಂಬ ಹೆಸರಿನಲ್ಲಿ ಸರ್ವರುಗಳನ್ನು ನಿಲ್ಲಿಸಿದರು. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅವರಿಗೆ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು. ಅಲ್ಲಿ ಈಗ ತಿಂಗಳ ಬಾಡಿಗೆ ಇಲ್ಲ. ಸರ್ವರಿನ ಖರ್ಚಿಗೆ, ಬೀದಿಯ ಗಣಪತಿಗೆ ಎತ್ತುವ ಹಾಗೆ, ಚಂದಾ ಎತ್ತುತ್ತಾರೆ. ಆ ತಿಂಗಳಿಗೆ ಬೇಕಾದಷ್ಟು ಸೇರಿದ ಕೂಡಲೇ ಡಬ್ಬಿ ಮುಚ್ಚುತ್ತಾರೆ.